ಪಾರ್ವತವ್ವನ ಮಧ್ಯಾಹ್ನದ ಕನಸು

ಶಿರಸಿಯಿಂದ ಬನವಾಸಿಗೆ ಹೋಗುವ ರಸ್ತೆಯಲ್ಲಿ ಅನಾನಸ್ ಮಾರುವವರು ಬೇಕಾದಷ್ಟು ಜನ ಇದ್ದಾರೆ. ಆದರೆ ಗಿರಾಕಿ ಎದುರಿಗೆ ನಿಂತಿರುವಾಗಲೇ ಕಣ್ಣು ಮುಚ್ಚಿ ಕನಸು ಕಾಣುವವಳು ಪಾರ್ವತವ್ವ ಒಬ್ಬಳೇ. ಎಪ್ಪತ್ತು ದಾಟಿದರೂ ಹಣ್ಣು ಹೆಚ್ಚುವ ಕೈ ನಡುಗುವುದಿಲ್ಲ, ಉಪ್ಪು-ಖಾರ ಒಂದು ಚಿಟಿಕೆ ಹೆಚ್ಚಾಗುವುದಿಲ್ಲ. ಮಧ್ಯಾಹ್ನ ಎರಡರ ಬಸ್ಸು ಹೋದಮೇಲೆ ಮಾತ್ರ ಅವಳನ್ನು ಮಾತಾಡಿಸಬೇಡಿ, ಬೈಸಿಕೊಳ್ಳುತ್ತೀರಿ. ಅದು ಚನ್ನವೀರ ಬರುವ ಹೊತ್ತು.

ಚನ್ನವೀರ ಅವಳ ಒಬ್ಬನೇ ಮಗ. ಸೈನ್ಯ ಸೇರಿದ, ಕಾರ್ಗಿಲ್ ಯುದ್ಧದಲ್ಲಿ ಹೋದ. ಆಗ ಇಪ್ಪತ್ತೆರಡು ವರ್ಷ. ಕನಸಿನಲ್ಲಿ ಇವತ್ತಿಗೂ ಇಪ್ಪತ್ತೆರಡೇ. ಬಂದವನು ಅಂಗಡಿಯ ಮುಂದೆ, ಬಿಸಿಲು ನೆರಳು ಕಲಸಿಹೋದ ನೆಲದ ಮೇಲೆ ಉದ್ದಕ್ಕೆ ಮಲಗಿರುತ್ತಾನೆ. ಹೋಗುವ ಬಸ್ಸುಗಳು, ದನಕರುಗಳು ಅವನನ್ನು ಸುತ್ತಿಕೊಂಡು ಸದ್ದಿಲ್ಲದೆ ಹೋಗುತ್ತವೆ.

"ಏಳೋ ನನ್ನಪ್ಪಾ, ಎದ್ದು ಕುಂದ್ರೋ" ಎನ್ನುತ್ತಾಳೆ ಇವಳು.

"ಕಾಲು ಮಡಚಾಕ ಬರವಲ್ದು, ಅವ್ವಾ" ಎನ್ನುತ್ತಾನೆ ಅವನು.

ಅಷ್ಟೇ. ಎಚ್ಚರವಾದರೆ ಹಣ್ಣಿನ ಮೇಲೆ ನೊಣ.

ಮಗ ಸತ್ತ ದುಃಖ ಇದ್ದೇ ಇತ್ತು, ಅದನ್ನು ಬೇರೆ ಹೇಳಬೇಕೆ? ಆದರೆ ಇಪ್ಪತ್ತೈದು ವರ್ಷ ಅವಳನ್ನು ಒಳಗೊಳಗೇ ಕೊರೆದದ್ದು ಇನ್ನೊಂದು. ಅವರ ಮಂದಿಯಲ್ಲಿ ಸತ್ತವರನ್ನು ಮಲಗಿಸಿ ಮಣ್ಣು ಮಾಡುವುದಿಲ್ಲ. ಕಾಲು ಮಡಚಿ ಕೂರಿಸಿ, ಎಡ ಅಂಗೈಯಲ್ಲಿ ಲಿಂಗ ಇಟ್ಟು, ವಿಭೂತಿ ಹಾಕಿ ಕಳಿಸಬೇಕು. ಹಾಗೆ ಕೂತವನು ಶಿವನಲ್ಲಿ ಸೇರಿದ ಹಾಗೆ. ಮತ್ತೆ ತಿರುಗಿ ಬರುವುದಿಲ್ಲ. ಊರಿನ ಅಯ್ಯನವರು ಸಂಗಯ್ಯ ತಾವೇ ನಿಂತು ಚೌಕನೆಯ ಕುಣಿ ತೋಡಿಸಿದ್ದರು. ಲಾರಿಯಿಂದ ಇಳಿದದ್ದು ಆರೂವರೆ ಅಡಿ ಉದ್ದದ ಪೆಟ್ಟಿಗೆ! ತೆರೆಯಕೂಡದು ಎಂದು ಮೇಲಿನವರ ಕಟ್ಟಪ್ಪಣೆ. ಇನ್ನೇನು ಮಾಡುತ್ತಾರೆ, ಪಾಪ? ಹೂಮಾಲೆ ಹಿಡಿದ ಅಧಿಕಾರಿಗಳು ಕೊಡೆಯ ಕೆಳಗೆ ಕಾಯುತ್ತ ನಿಂತರು, ನಾಲ್ಕು ಜನ ಗುದ್ದಲಿ ಹಿಡಿದು ಕುಣಿಯನ್ನು ಉದ್ದ ಮಾಡಿದರು. ಆ ಗುದ್ದಲಿಯ ಸದ್ದು ಪಾರ್ವತವ್ವನ ಕಿವಿ ಬಿಟ್ಟು ಹೋಗಲೇ ಇಲ್ಲ.

"ಶಿವಗ ಎಲ್ಲಾ ಒಂದ ಅವ್ವಾ" ಎಂದು ಸಂಗಯ್ಯ ನೂರು ಸಲ ಹೇಳಿದರು.

"ಶಿವಗ ಒಂದ ಇರಬಹುದ್ರಿ ಅಯ್ನಾರ. ನನ್ನ ಹುಡುಗ ಕುಂತಿಲ್ಲಲ್ರಿ!" ಎಂದು ಇವಳು ನೂರು ಸಲವೂ ಅಂದಳು.

ಹೋದ ಬೇಸಿಗೆಯಲ್ಲಿ ಒಂದು ದಿನ ಎರಡರ ಬಸ್ಸಿನಿಂದ ಒಬ್ಬ ಗಂಡಸು ಇಳಿದ. ಐವತ್ತರ ಆಸುಪಾಸು, ಬೆನ್ನು ನೆಟ್ಟಗೆ, ಒಂದು ಕಾಲು ಕುಂಟು. ಪಾರ್ವತವ್ವನಿಗೆ ಆಗಲೇ ಕಣ್ಣು ಎಳೆಯುತ್ತಿತ್ತು. ಇವನು ಕನಸಿನ ಕಡೆಯವನೋ, ಬಸ್ಸಿನ ಕಡೆಯವನೋ ತಿಳಿಯಲಿಲ್ಲ.

"ಅಮ್ಮಾ, ನಾನು ಜಟ್ಟಪ್ಪ. ಸಿದ್ದಾಪುರದ ಬಿಳಗಿಯವ. ಚನ್ನವೀರನ ಜೊತೆಗೆ ಇದ್ದೆ, ಕೊನೇವರೆಗೂ."

ನೋಡಿ, ಬಿಳಗಿಯೆಂದರೆ ಅಬ್ಬಬ್ಬಾ ಅಂದರೆ ಅರ್ಧ ದಿನದ ದಾರಿ. ಈ ಪುಣ್ಯಾತ್ಮನಿಗೆ ಬರಲು ಇಪ್ಪತ್ತೈದು ವರ್ಷ ಹಿಡಿದಿತ್ತು! ಪಾರ್ವತವ್ವ ಹಣ್ಣು ಹೆಚ್ಚಿ ಕೊಟ್ಟಳು. ಅವನು ಮುಟ್ಟಲಿಲ್ಲ.

"ಮುಖ ತೋರಿಸೋಕೆ ಧೈರ್ಯ ಇರಲಿಲ್ಲ ಅಮ್ಮಾ. ಅವನನ್ನ ಬೆಟ್ಟದ ಮೇಲೇ ಬಿಟ್ಟು ಬಂದವ ನಾನು. ಗುಂಡು ಸುರೀತಾ ಇತ್ತು, ನನ್ನ ಕಾಲಿಗೂ ಬಿದ್ದಿತ್ತು. ಅವನ ಉಸಿರು ಆಗಲೇ ನಿಂತಿತ್ತು, ಹೊತ್ಕೊಂಡು ಇಳಿಯೋಕೆ ಆಗಲಿಲ್ಲ. ಮೂರು ದಿನ ಆ ಹಿಮದಲ್ಲಿ ಒಬ್ಬನೇ ಇದ್ದ. ಎರಡು ಬಂಡೆ ನಡುವೆ ನೆಟ್ಟಗೆ ಮಲಗಿಸೋಕೂ ಜಾಗ ಇರಲಿಲ್ಲ ಅಮ್ಮಾ. ಕೂರಿಸಿ ಬಂದುಬಿಟ್ಟೆ."

ಪಾರ್ವತವ್ವನ ಕೈಯ ಚೂರಿ ನಿಂತಿತು.

"ಏನಂದಿ?"

"ಕಾಲು ಮಡಚಿ, ಕೂರಿಸಿ ಬಂದೆ…"

"ಬೆನ್ನು?"

"ಬಂಡೆಗೆ ಕೊಟ್ಟಿದ್ದೆ."

"ಕೈ?"

"ತೊಡೆ ಮೇಲೆ, ಅಮ್ಮಾ. ನಾನೇ ಇಟ್ಟೆ."

"ಮೂರು ದಿನಾ ಕುಂತಿದ್ನಾ?"

"ತರೋಕೆ ಹೋದವರು ಬಂದು ಹೇಳಿದ್ರು, ಇಟ್ಟ ಹಾಗೇ ಕೂತಿದ್ದನಂತೆ" ಎಂದು ಜಟ್ಟಪ್ಪ ಮುಖ ಮುಚ್ಚಿಕೊಂಡು ಅಳತೊಡಗಿದ. ಶಾಪ ಹಾಕುತ್ತಾಳೆ ಎಂದೇ ಅವನು ಬಂದದ್ದು. ಪಾರ್ವತವ್ವ ಹಣ್ಣಿನ ರಸ ಮೆತ್ತಿದ ಎರಡೂ ಕೈಯಿಂದ ಅವನ ಕೆನ್ನೆ ಹಿಡಿದಳು.

"ನನ್ನಪ್ಪಾ, ನಿನ್ನ ಹೊಟ್ಟಿ ತಣ್ಣಗಿರಲಿ! ನೀ ಮಾಡಿದ್ದು ಹಡೆದಾಕಿ ನನ್ನ ಕಡೆಯಿಂದ ಆಗಲಿಲ್ಲೋ!"

ಜಟ್ಟಪ್ಪನಿಗೆ ತಲೆಬುಡ ಅರ್ಥವಾಗಲಿಲ್ಲ. ಇಪ್ಪತ್ತೈದು ವರ್ಷ ಹೊತ್ತ ತಪ್ಪನ್ನು ಈ ಮುದುಕಿ ಒಂದೇ ಮಾತಿಗೆ ಕಿತ್ತುಕೊಂಡಳಲ್ಲ ಎಂದು ಕಣ್ಣು ಬಾಯಿ ಬಿಟ್ಟು ನಿಂತ. ಆಮೇಲೆ ಕೂತು ಅಷ್ಟೂ ಹಣ್ಣು ತಿಂದ.

ಅವನನ್ನು ಬಸ್ಸು ಹತ್ತಿಸಿದವಳೇ ಅವಳು ಅಂಗಡಿ ತೆರೆದೇ ಬಿಟ್ಟು ಸಂಗಯ್ಯನವರ ಮನೆಗೆ ಓಡಿದಳು. ತೊಂಬತ್ತು ತುಂಬಿದ ಅಯ್ಯನವರು ಎಲ್ಲ ಕೇಳಿ, "ಹಂಗಾದ್ರ ಅವನ ಸಮಾಧಿ ಅಲ್ಲೇ ಆತು ಬಿಡವ್ವಾ. ಇಲ್ಲಿಗೆ ಬಂದದ್ದು ಬರೇ ಪೆಟ್ಟಿಗಿ" ಎಂದರು. ಅವತ್ತು ಪಾರ್ವತವ್ವ ಓಣಿ ತುಂಬ ಸಕ್ಕರೆ ಹಂಚಿದಳು. ಯಾಕೆಂದು ಕೇಳಿದವರಿಗೆಲ್ಲ "ನನ್ನ ಮಗ ಕುಂತಾನ" ಎಂದಳು.

ಮರುದಿನ ಎರಡರ ಬಸ್ಸು ಹೋಯಿತು. ಕಣ್ಣು ಮುಚ್ಚಿದಳು. ಬಿಸಿಲಿತ್ತು, ನೆರಳಿತ್ತು, ಬಸ್ಸು ದನ ಎಲ್ಲ ಇದ್ದವು, ನೇರವಾಗಿ ಹಾದುಹೋದವು. ಅದರ ಮರುದಿನವೂ ಹಾಗೇ. ಒಂದು ತಿಂಗಳು ಕಾದಳು. ಕೊನೆಗೆ ಮತ್ತೆ ಸಂಗಯ್ಯನವರ ಕಟ್ಟೆಗೆ ಹೋಗಿ ಕೂತಳು.

"ಅಯ್ನಾರ, ಕುಂತವರು ತಿರುಗಿ ಬರೂದಿಲ್ಲ, ಹೌದಲ್ರಿ?"

"ಬರೂದಿಲ್ಲವ್ವಾ. ನೀ ಬೇಡಿದ್ದು ಅದನ್ನ ಅಲ್ಲೇನು?"

"ಅದನ್ನ ಬೇಡಿದ್ದೆರಿ" ಎಂದಳು ಪಾರ್ವತವ್ವ. ಸೆರಗಿನಿಂದ ಮೂಗು ಒರೆಸಿಕೊಂಡಳು. "ಆದ್ರ ಒಂದ ಸಲ, ಮಲಕೊಂಡಿದ್ರೂ ಅಡ್ಡಿಯಿಲ್ಲ, ಬಂದು ಹೋಗು ಅಂತ ಅವಗ ಹೇಳಾಕ ಬರತೈತೇನ್ರಿ?"