ಉಪ್ಪಿನ ಗಂಟು, ಬೆನ್ನಿನ ಪಟ್ಟಿ

ಬೆಟಗೇರಿಯ ನಮ್ಮ ಮನೆಯ ಅಡುಗೆಕೋಣೆಯಲ್ಲಿ, ಒಲೆಯ ಪಕ್ಕದ ಮೊಳೆಗೆ ಒಂದು ಗಂಟು ತೂಗುತ್ತಿರುತ್ತದೆ. ಹಳೆಯ ಇಳಕಲ್ ಸೀರೆಯ ತುಂಡಿನಲ್ಲಿ ಕಟ್ಟಿದ ಹರಳುಪ್ಪು, ಅಷ್ಟೆ. ಮೊಣಕಾಲು ಹಿಡಿಯಿತೋ, ಸೊಂಟ ಉಳುಕಿತೋ, ಅದನ್ನು ಹಂಚಿನ ಮೇಲೆ ಕಾಸಿ ನೋಯುವ ಜಾಗಕ್ಕೆ ಒತ್ತುವುದು. ನಿಮ್ಮ ಮನೆಯಲ್ಲೂ ಇದ್ದೀತು; ಇಲ್ಲವೆಂದರೆ ನಿಮಗೆ ಮೊಣಕಾಲು ಇದೆಯೆಂಬ ಸುದ್ದಿ ಇನ್ನೂ ಮುಟ್ಟಿಲ್ಲವೆಂದೇ ಅರ್ಥ. ಈ ಬಡಪಾಯಿ ಗಂಟು ನಮ್ಮವ್ವನ ಪ್ರಾಣ ತೆಗೆಯುವುದರಲ್ಲಿತ್ತು ಎಂದರೆ ನಂಬುತ್ತೀರಾ? ನಂಬಿ. ಹೇಳಲು ಕುಳಿತರೆ ಈಗಲೂ ನನ್ನ ಮಾತುಗಳು ಒಂದರ ಮೇಲೊಂದು ಬೀಳುತ್ತವೆ, ಸ್ವಲ್ಪ ಸಹಿಸಿಕೊಳ್ಳಿ.

ಅವ್ವನಿಗೆ ಕ್ಯಾನ್ಸರ್ ಬೆನ್ನುಮೂಳೆಗೆ ಇಳಿದಿತ್ತು. ಮನೆಮಂದಿಗೆ ಕೇಳಿಸಬಾರದೆಂದು ಸೆರಗನ್ನು ಬಾಯಲ್ಲಿ ಕಚ್ಚಿ ಹಿಡಿಯುತ್ತಿದ್ದಳು. ಆ ಸೆರಗನ್ನು ಒಗೆಯಲು ತೆಗೆದುಕೊಂಡಾಗೆಲ್ಲ ನನ್ನ ಹೆಂಡತಿ ಅಳುತ್ತಿದ್ದಳು. ಇಂಥ ನೋವಿಗೆ ಅಫೀಮಿನ ಬಳಗದ ಮದ್ದೇ ಬೇಕು. ಆದರೆ ಅದು ನಶೆಗಾರರ ಕೈಗೆ ಬೀಳಬಾರದೆಂದು ಕಾನೂನು ಅದಕ್ಕೆ ಬೀಗ ಜಡಿದಿದೆ. ಜಡಿಯಲಿ, ಬೇಡವೆಂದವರಾರು? ಧಾರವಾಡದಿಂದ ಬೇರೆಯಾಗಿ ನಾವು ನಮ್ಮದೇ ಜಿಲ್ಲೆಯಾದೆವು, ಕಚೇರಿಗಳು ಬಂದವು, ಕಚೇರಿಗಳಿಗೆ ಬೋರ್ಡುಗಳು ಬಂದವು. ನೋವಿನ ಮದ್ದು ಮಾತ್ರ ಬರಲಿಲ್ಲ, ಅದಕ್ಕೆ ಹುಬ್ಬಳ್ಳಿಯ ಬಸ್ಸೇ ಗತಿ. ಪರವಾನಗಿಯ ರಗಳೆಗೆ ಹೆದರಿ ದವಾಖಾನೆಗಳು ಇಡುತ್ತಿರಲಿಲ್ಲ. ಇಡುವುದಿಲ್ಲವೆಂದು ಡಾಕ್ಟರರು ಬರೆಯುತ್ತಿರಲಿಲ್ಲ. ಬರೆಯುವವರೇ ಇಲ್ಲವೆಂದು ಮತ್ತೆ ಯಾರೂ ಇಡುತ್ತಿರಲಿಲ್ಲ. ಹುಚ್ಚು ಬಿಡುವ ತನಕ ಮದುವೆಯಾಗದು, ಮದುವೆಯಾಗುವ ತನಕ ಹುಚ್ಚು ಬಿಡದು ಎಂಬ ಗಾದೆಯನ್ನು ಕಟ್ಟಿದವರು ನಮ್ಮನ್ನು ನೋಡಿಯೇ ಕಟ್ಟಿರಬೇಕು.

ಕಾನೂನು ಒಂದಿಷ್ಟು ಸಡಿಲವಾದ ಮೇಲೆ, ಪಕ್ಕದ ಗದುಗಿನಲ್ಲಿ ಸಣ್ಣ ದವಾಖಾನೆ ಇಟ್ಟುಕೊಂಡಿದ್ದ ಡಾಕ್ಟರಮ್ಮ, ನಮ್ಮೆಲ್ಲರ ಬಾಯಿಯವರು, ಹಟ ಹಿಡಿದು ಆ ಮದ್ದು ಇಡುವ ಮಾನ್ಯತೆ ಪಡೆದರು. ಅವ್ವನ ಬೆನ್ನಿನ ಮೇಲ್ಭಾಗಕ್ಕೆ ಅಂಚೆಚೀಟಿಯಂಥ ಒಂದು ತೆಳು ಪಟ್ಟಿ ಅಂಟಿಸಿದರು. ಮದ್ದು ಚರ್ಮದೊಳಗೆ ಮೆಲ್ಲಗೆ ಇಳಿಯುತ್ತದಂತೆ. ಹಳೆಯ ಪಟ್ಟಿ ತಂದುಕೊಟ್ಟರೇ ಹೊಸದು, ಹಾಗೆ ಬಿಗಿ. ಅಬ್ಬಾ, ಆ ಪಟ್ಟಿಯ ಮಹಿಮೆಯೇ! ಮರುದಿನ ಅವ್ವ ಗೋಡೆಗೊರಗಿ ಕುಳಿತು ಮಂಡಕ್ಕಿಯ ಗಿರಮಿಟ್ ಕೇಳಿದಳು. ನಾನು ಪೇಟೆಗೆ ಓಡಿದ ಪರಿಗೆ ಚಪ್ಪಲಿಯೊಂದು ದಾರಿಯಲ್ಲೇ ಉಳಿಯಿತು, ತಿರುಗಿ ನೋಡಲಿಲ್ಲ.

ಆ ದವಾಖಾನೆಯಲ್ಲಿ ನನಗೆ ವಿಚಿತ್ರವೆನಿಸಿದ್ದು ಇನ್ನೊಂದು. ಪಟ್ಟಿಗಳು ಕಬ್ಬಿಣದ ಕಪಾಟಿನೊಳಗೆ ಬೀಗ ಹಾಕಿಸಿಕೊಂಡು ಕುಳಿತಿದ್ದರೆ, ನರ್ಸಿನ ಮೇಜಿನ ಮೇಲೆ ತೆರೆದ ತಟ್ಟೆಯಲ್ಲಿ ಬೇರೆ ಸಣ್ಣ ಶೀಶೆಗಳಿದ್ದವು. ಪಟ್ಟಿಯ ಮದ್ದು ಮೈಯಲ್ಲಿ ಹೆಚ್ಚಾಗಿ ಉಸಿರು ಕುಂದಿದರೆ ಆ ಮದ್ದಿನ ಅಮಲು ಇಳಿಸುವ ಸೂಜಿಮದ್ದು ಅದೆಂದು ಬಾಯಿಯವರು ತಿಳಿಸಿದರು. ಅದಕ್ಕೇಕೆ ಕಾವಲಿಲ್ಲವೆಂದು ಕೇಳಿದೆ. ಬೆಂಕಿಗೆ ಬಾಗಿಲು ಹಾಕಬಹುದು, ನೀರಿಗೆ ಹಾಕಿದರೆ ಹೇಗೆ ಎಂದು ನನ್ನನ್ನೇ ಕೇಳಿದರು. ಪಟ್ಟಿಗೆ ಬಿಸಿ ತಾಗಬಾರದು, ತಾಗಿದರೆ ಮದ್ದು ಒಮ್ಮೆಲೇ ಇಳಿದುಬಿಡುತ್ತದೆ ಎಂದೂ ಎಚ್ಚರಿಸಿದರು. ನಾವು ಬಿಸಿನೀರ ಸ್ನಾನ ಬಿಡಿಸಿದೆವು, ಬಿಸಿಲಿಗೆ ಕೂಡಿಸುವುದನ್ನು ನಿಲ್ಲಿಸಿದೆವು. ಗಂಟು ಮಾತ್ರ ಯಾರ ತಲೆಗೂ ಹೊಳೆಯಲಿಲ್ಲ, ಏಕೆಂದರೆ ನಮ್ಮ ಕಡೆ ಅದು ಬಿಸಿಯ ಲೆಕ್ಕಕ್ಕೇ ಬರುವುದಿಲ್ಲ, ಅದು ಉಪಚಾರ.

ಅಷ್ಟರಲ್ಲಿ ಕೊರ್ಲಹಳ್ಳಿಯಿಂದ ಚಿಗವ್ವ ಬಂದಳು. ಅವ್ವನ ತಂಗಿ, ಕೈ ಸುಮ್ಮನಿಟ್ಟು ಕೂತು ಗೊತ್ತಿಲ್ಲದವಳು. ಅಕ್ಕ ಮಲಗಿದ್ದಾಳೆ, ತಾನು ಬರಿಗೈಯಲ್ಲಿ ನೋಡುತ್ತಿರುವುದೆಂದರೆ ಅವಳಿಗೆ ಶಿಕ್ಷೆಯೇ. ಬೆನ್ನ ಮೇಲಿನ ಪಟ್ಟಿಯನ್ನು ನೋಡಿ, ಉಳುಕಿಗೆ ಹಚ್ಚುವ ಪ್ಲಾಸ್ಟರೆಂದೇ ತಿಳಿದು, ಮುಂಜಾನೆಯೆಲ್ಲ ಗಂಟು ಕಾಸಿ ಕಾಸಿ ಅದರ ಮೇಲೆಯೇ ಒತ್ತಿದಳು. ಅವ್ವನಿಗೆ ಸೊಗಸಾದ ನಿದ್ದೆ ಹತ್ತಿತು. ಎಷ್ಟು ದಿನಕ್ಕೆ ಇಂಥ ನಿದ್ದೆಯೆಂದು ನಾವೆಲ್ಲ ಹಿಗ್ಗಿ, ಪಿಸುಮಾತಿನಲ್ಲೇ ಓಡಾಡಿದೆವು.

ಮಧ್ಯಾಹ್ನ ರೊಟ್ಟಿ ತಟ್ಟಿ ಎಬ್ಬಿಸಹೋದರೆ ಅವ್ವ ಏಳಲಿಲ್ಲ. ತುಟಿ ಕಪ್ಪಿಟ್ಟಿತ್ತು, ಒಂದು ಉಸಿರಿಗೂ ಇನ್ನೊಂದಕ್ಕೂ ನಡುವೆ ನಾವು ನಿಂತು ಕಾಯಬೇಕಿತ್ತು. ಬಾಯಿಯವರಿಗೆ ಫೋನು ಹಚ್ಚಿದೆ. ಬೆನ್ನಿಗೆ ಏನಾದರೂ ಕಾಸಿದಿರೇನು ಎಂದು ಅವರು ಕೇಳಿದ್ದನ್ನು ನಾನು ಗಟ್ಟಿಯಾಗಿ ಹೇಳಿದ್ದೇ ತಡ, ಚಿಗವ್ವನ ಕೈಯಿಂದ ಗಂಟು ನೆಲಕ್ಕೆ ಬಿತ್ತು.

"ಮೊದಲ ಆ ಪಟ್ಟಿ ಕೀಳ್ರಿ. ಮಲಗಾಕ ಬಿಡಬ್ಯಾಡ್ರಿ, ಉಸರ ತಗೊ ಅನಕೋತ ಜಲ್ದಿ ಕರಕೊಂಡ ಬರ್ರಿ," ಎಂದರು.

ಪಕ್ಕದ ಮನೆಯ ದಾದಾಪೀರ ಊಟದ ತಟ್ಟೆ ಬಿಟ್ಟೆದ್ದು ಆಟೊ ತಂದ. ಹತ್ತಿರದ್ದೆಂದು ನಮ್ಮ ಓಣಿಯ ದವಾಖಾನೆಯಲ್ಲಿ ಮೊದಲು ನಿಲ್ಲಿಸಿದೆವು. ಅಮಲು ಇಳಿಸುವ ಆ ಸೂಜಿಮದ್ದನ್ನು ತಾವು ಇಡುವುದಿಲ್ಲವೆಂದು ಅಲ್ಲಿಯ ಡಾಕ್ಟರರು ಕೈಚೆಲ್ಲಿದರು. ಗದುಗಿನ ತನಕ ಚಿಗವ್ವ ಅಕ್ಕನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, ಹೊಳೆಯಾಚೆಯವರನ್ನು ಕರೆವಂತೆ ಕೂಗುತ್ತಲೇ ಬಂದಳು: "ಅಕ್ಕಾ, ಉಸರ ತಗೊ. ಅಕ್ಕಾ, ಉಸರ ತಗೊ." ಅವಳು ಕೂಗಿದಾಗ ಅವ್ವ ಉಸಿರೆಳೆಯುತ್ತಿದ್ದಳು, ಕೂಗು ನಿಂತರೆ ಮರೆಯುತ್ತಿದ್ದಳು.

ಇನ್ನು ಆ ಸೂಜಿಮದ್ದಿನ ಮಾತು! ನರ್ಸು ಕೈ ಚಾಚಿದಳು, ಶೀಶೆ ಅಲ್ಲೇ ಇತ್ತು. ಬೀಗದ ಕೈ ಎಲ್ಲಿ, ಯಾರ ಸಹಿ, ಯಾವ ಮಾತೂ ಇಲ್ಲ. ಬಾಯಿಯವರು ಸ್ವಲ್ಪಸ್ವಲ್ಪವೇ ಕೊಟ್ಟರು. ಅವ್ವನ ಎದೆ ಏರಿತು, ಇಳಿಯಿತು, ಮತ್ತೆ ತಾನಾಗಿಯೇ ಏರಿತು. ತುಟಿಗೆ ಕೆಂಪು ಬಂತು. ಪುಣ್ಯವೇ, ನನ್ನ ಆಯುಷ್ಯದಲ್ಲಿ ನಾನು ಕಂಡ ಹುಟ್ಟುಗಳಲ್ಲೆಲ್ಲ ಅದೇ ದೊಡ್ಡದು! ಕಣ್ತೆರೆದ ಅವ್ವ ತಂಗಿಯನ್ನು ದುರುಗುಟ್ಟಿ ನೋಡಿದಳು.

"ಯಾಕ ಒದರಾಕತ್ತೀ? ನಾ ಏನ್ ಹೊಳಿ ಆಚಿ ದಂಡ್ಯಾಗ ಅದೀನೇನು?"

ನಾನು ನಗುತ್ತಿದ್ದೆನೋ ಅಳುತ್ತಿದ್ದೆನೋ, ದಾದಾಪೀರನನ್ನು ಮಾತ್ರ ಗಟ್ಟಿಯಾಗಿ ಅಪ್ಪಿಕೊಂಡಿದ್ದೆ.

ಮೈಯೊಳಗೆ ಉಳಿದ ಪಟ್ಟಿಯ ಮದ್ದು ಮತ್ತೆ ಏರೀತೆಂದು ಅಂದು ಅಲ್ಲೇ ಇರಿಸಿಕೊಂಡರು. ನೋವೂ ಮರಳಿತು, ಸೆರಗು ಮತ್ತೆ ಬಾಯಿಗೆ ಬಂತು. ಚಿಗವ್ವ ಕಣ್ಣೊರೆಸಿಕೊಳ್ಳುತ್ತ, ಆ ಹಾಳು ಪಟ್ಟಿ ಇನ್ನು ಮನೆಗೆ ಬೇಡ, ಸರ್ಕಾರ ಸುಮ್ಮನೆ ಬೀಗ ಹಾಕಿರಲಿಲ್ಲ ಎಂದಳು. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವ ಮಾತು; ಆದರೂ ಹೆದರಿದ ನಾವೆಲ್ಲ ತಲೆಯಾಡಿಸಿದೆವು. ಅವ್ವ ಸೆರಗು ತೆಗೆದು ಬಾಯಿಯವರ ಕಡೆ ತಿರುಗಿದಳು.

"ಪಟ್ಟಿ ಕಸಗೋಬ್ಯಾಡ್ರಿ. ಗಂಟು ಕಸಗೋರಿ."

ಎಂಥ ನ್ಯಾಯ ಹೇಳಿದಳು ನೋಡಿ! ಗಂಟೂ ಒಳ್ಳೆಯದೇ, ಬೀಗವೂ ಒಳ್ಳೆಯದೇ. ಎಲ್ಲಿ ಇಡುತ್ತೇವೆ ಎಂಬುದರಲ್ಲೇ ಎಲ್ಲ ಇದೆ. ಮೊಣಕಾಲ ಮೇಲೆ ಕರುಣೆಯಾದ ಕಾವು ಪಟ್ಟಿಯ ಮೇಲೆ ಕುತ್ತಾಯಿತು. ಕಳ್ಳನಿಗೆ ಹಾಕಿದ ಬೀಗ ನರಳುವವರ ಬಾಗಿಲಿಗೂ ಬಿದ್ದರೆ, ಉಸಿರು ಮರಳಿಸುವ ಶೀಶೆಯ ಮೇಲೂ ಬಿದ್ದರೆ, ಅದೂ ಪಟ್ಟಿಯ ಮೇಲೊತ್ತಿದ ಗಂಟೇ. ಪ್ರೀತಿಗಾದರೂ, ಕಾನೂನಿಗಾದರೂ, ಕೈಯಿಡುವ ಮುನ್ನ ಬೆನ್ನು ನೋಡುವ ವ್ಯವಧಾನ ಬೇಕು.

ಬಾಯಿಯವರು ಯೋಚಿಸಿ, ಕಡಿಮೆ ಬಲದ ಪಟ್ಟಿ ಹಚ್ಚಿ ಅವ್ವನನ್ನು ಮನೆಗೆ ಕಳಿಸಿದರು. ಮರುದಿನ ನೋಡಿದರೆ ಮೊಳೆ ಖಾಲಿ. ಚಿಗವ್ವ ಗಂಟನ್ನು ಹಿಡಿದು ನಮ್ಮ ಓಣಿಯ ದವಾಖಾನೆಗೆ ಹೋಗಿ, ಡಾಕ್ಟರರ ಮೇಜಿನ ಮೇಲೆ ಇಟ್ಟಿದ್ದಳಂತೆ.

"ಈ ಗಂಟು ಎಲ್ಲಾರ ಮನ್ಯಾಗೂ ಐತ್ರಿ. ಉಸರ ತರೋ ಆ ಸೂಜಿಮದ್ದು ನಿಮ್ಮಲ್ಲೂ ತಂದಿಡ್ರಿ. ಅದು ಬಂದ ದಿನ ನಾ ಇದನ್ನ ತಿರುಗಿ ಒಯ್ತೀನಿ."

ಡಾಕ್ಟರರು ಮೊದಲು ನಕ್ಕರಂತೆ. ಆಮೇಲೆ ಬಂದ ರೋಗಿಗಳೆಲ್ಲ ಇದೇನು ಗಂಟೆಂದು ಕೇಳತೊಡಗಿದಾಗ ನಗೆ ಮುಗಿಯಿತು. ಚಿಗವ್ವ ಊರಿಗೆ ಹೋಗಲಿಲ್ಲ. ದಿನವೂ ಆ ದವಾಖಾನೆಯ ಬಾಗಿಲಿಗೆ ಹೋಗಿ ಇಣುಕಿ ಬರುವಳು. ನನ್ನ ಮೊಣಕಾಲು ನೊಂದರೂ ಕಾಸಲು ಏನೂ ಇಲ್ಲ, ಸುಮ್ಮನೆ ತಿಕ್ಕಿಕೊಂಡು ಕೂರುತ್ತಿದ್ದೆ.

ಮೊನ್ನೆ ಗಂಟು ಮರಳಿ ಬಂತು. ಚಿಗವ್ವ ಅದನ್ನು ಮೊಳೆಗೆ ತೂಗುಹಾಕಿ, ಅಕ್ಕನ ಬಳಿ ಕೂತು, ಶೀಶೆ ಬಂದಿದೆ, ಬೀಗವಿಲ್ಲದ ತಟ್ಟೆಯಲ್ಲೇ ಇದೆ, ಕಣ್ಣಾರೆ ಕಂಡೆ ಎಂದು ವರದಿ ಒಪ್ಪಿಸಿದಳು. ಅವ್ವ ಗಿರಮಿಟ್ ತಿನ್ನುತ್ತಿದ್ದಳು.