ಪಿನ್ನತ್ತೆ ಕೋಚ್ ಹತ್ತಿರ ಹೋದದ್ದು

ನನ್ನ ನಾದಿನಿಯನ್ನು ಮನೆಯಲ್ಲಿ ಎಲ್ಲರೂ ಪಿನ್ನತ್ತೆ ಎಂದೇ ಕರೆಯುವುದು. ಆ ಹೆಸರಿಟ್ಟವಳು ನನ್ನ ಮಗಳು, ಇನ್ನೂ ಮಾತು ತೊದಲುವ ಕಾಲದಲ್ಲಿ. ಅತ್ತೆ ಯಾವಾಗ ನೋಡಿದರೂ ತುಟಿಯಂಚಿನಲ್ಲಿ ಗುಂಡುಪಿನ್ನು ಕಚ್ಚಿಕೊಂಡಿರುತ್ತಿದ್ದಳು, ಅದಕ್ಕೆ. ನನ್ನವರು ಇದ್ದಾಗ ಅವರೂ ಒಡಹುಟ್ಟಿದ ತಂಗಿಯನ್ನು ಹಾಗೇ ಕೂಗುತ್ತಿದ್ದರು. ಬಾಯಲ್ಲಿ ಪಿನ್ನಿಟ್ಟುಕೊಂಡು ಎಷ್ಟು ಮಾತಾಡಲಾದೀತು? ಹೂಂ, ಊಹೂಂ, ಆಯ್ತು. ಪಿನ್ನು ತೆಗೆದ ಮೇಲೂ ಅವಳ ಮಾತು ಅಷ್ಟೇ ಉಳಿಯಿತು.

ಅವಳ ಕೆಲಸ ದೊಡ್ಡ ಬಟ್ಟೆ ಅಂಗಡಿಯ ಗಾಜಿನ ಕಿಟಕಿಗಳಲ್ಲಿ ಗೊಂಬೆಗಳಿಗೆ ಬಟ್ಟೆ ತೊಡಿಸಿ ನಿಲ್ಲಿಸುವುದು. ರಸ್ತೆಗೆ ಮುಖ ಮಾಡಿದ ಆ ಕಿಟಕಿಗಳು ಒಂದೊಂದೂ ನಮ್ಮ ಅಡುಗೆಮನೆಯಷ್ಟು ದೊಡ್ಡವು. ಹರೆಯದಲ್ಲಿ ಅದರೊಳಗೆ ಹೊಕ್ಕವಳಿಗೆ ಅಲ್ಲೇ ಐವತ್ತು ದಾಟಿತು. ಗೊಂಬೆಗಳು ಬಡಕಲು, ಬಟ್ಟೆ ಯಾವುದೂ ಮೈಗೆ ಕೂರುವುದಿಲ್ಲ. ಸಡಿಲವಾದದ್ದನ್ನೆಲ್ಲ ಹಿಂದಕ್ಕೆ ಎಳೆದು ಬೆನ್ನಿಗೆ ಪಿನ್ನು ಹಾಕಬೇಕು. ಮುಂದಿನಿಂದ ನೋಡಿದರೆ ಅಳತೆ ಕೊಟ್ಟು ಹೊಲಿಸಿದ ಹಾಗೆ, ಹಿಂದಿನಿಂದ ಮುಳ್ಳುಹಂದಿ.

ಒಳಗೆ ನಿಂತವಳಿಗೆ ಹೊರಗೆ ಹೇಗೆ ಕಾಣುತ್ತದೆಂದು ತಿಳಿಯುವುದಿಲ್ಲ. ನನ್ನವರು ಹೋದ ಮೇಲೆ ನಾನು ಮನೆಯಲ್ಲಿ ಮಂಕಾಗಿ ಕೂರುವುದನ್ನು ನೋಡಿ, ರಜೆಯ ಬೆಳಗ್ಗೆ ರಸ್ತೆ ಖಾಲಿಯಿರುವ ಹೊತ್ತಿನಲ್ಲಿ ನನ್ನನ್ನೂ ಕರೆದೊಯ್ಯತೊಡಗಿದಳು. ನಾನು ಎದುರಿನ ಬಸ್ ನಿಲ್ದಾಣದ ಕಂಬಕ್ಕೆ ಒರಗಿ ನಿಂತು ಕೈಸನ್ನೆ ಮಾಡಬೇಕು. ಸ್ವಲ್ಪ ಎಡಕ್ಕೆ, ಟೋಪಿ ವಾರೆಯಾಯಿತು, ಆ ಕೈ ಕೆಳಗಿಳಿಸು. ಬೆಳಗಿನಲ್ಲಿ ಆ ಗಾಜಿನ ಮೇಲೆ ಆಕಾಶವೇ ಬಿದ್ದಿರುತ್ತಿತ್ತು. ಮೋಡ ಸಾಗುತ್ತಿತ್ತು, ತಂತಿಯ ಮೇಲಿನ ಹಕ್ಕಿ ಕಾಣುತ್ತಿತ್ತು, ಕೈಚೀಲ ಹಿಡಿದ ನಾನೂ ಕಾಣುತ್ತಿದ್ದೆ. ಇವೆಲ್ಲದರ ಹಿಂದೆ ಪಿನ್ನತ್ತೆ ಬರಿಗಾಲಲ್ಲಿ, ನೀರೊಳಗಿನ ಮೀನಿನ ಹಾಗೆ, ಸದ್ದಿಲ್ಲದೆ ಅತ್ತಿಂದಿತ್ತ ಸುಳಿಯುತ್ತಿದ್ದಳು. ಒಂದೊಂದು ಸಲ ಮೋಡ ಬಂದು ಅವಳ ಹೆಗಲ ಮೇಲೇ ಕೂರುತ್ತಿತ್ತು. ನೋಡುತ್ತ ನಾನು ಎಲ್ಲಿದ್ದೇನೆಂಬುದೇ ಮರೆತುಹೋಗಿ, ಒಳಗಿನಿಂದ ಅವಳು ಗಾಜಿಗೆ ಬೆರಳು ಬಡಿದು ನನ್ನನ್ನು ಎಬ್ಬಿಸಬೇಕಾಗುತ್ತಿತ್ತು.

ಹೋದ ವರ್ಷ ಅಂಗಡಿಯ ಒಡತಿ ಅವಳನ್ನು ಕರೆದು ಹೇಳಿದಳಂತೆ. ಕಿಟಕಿಗಳಿಗೆ ಇನ್ನು ಗೊಂಬೆ ಬೇಡ, ದೊಡ್ಡ ದೊಡ್ಡ ಟಿವಿ ಪರದೆ ಹಾಕಿಸುತ್ತೇವೆ, ಸಿನಿಮಾದ ಹಾಗೆ ಬಟ್ಟೆ ತೊಟ್ಟವರು ಅದರಲ್ಲಿ ಓಡಾಡುತ್ತಾರೆ. ನೆಲಮಾಳಿಗೆಯಲ್ಲಿ ಬಟ್ಟೆ ಮಡಿಸಿ ಪೊಟ್ಟಣ ಕಟ್ಟುವ ಕೆಲಸವಿದೆ, ಬೇಕೋ ಬೇಡವೋ ಸೋಮವಾರದೊಳಗೆ ಹೇಳು.

"ಪೊಟ್ಟಣ ಕಟ್ಟೋದೂ ಕೆಲಸಾನೇ ಅಲ್ವಾ," ಎಂದೆ ನಾನು.

"ಹೂಂ, ಅತ್ತಿಗೆ."

"ಮತ್ತೆ ಮುಖ ಯಾಕೆ ಹಾಗಿದೆ?"

"ಅಲ್ಲಿ ಕಿಟಕಿ ಇಲ್ಲ," ಎಂದಳು. ಆಮೇಲೆ ತಟ್ಟೆ ತೊಳೆಯಲು ಎದ್ದು ಹೋದಳು.

ನನ್ನ ಮಗಳು ಬಸ್ ಟಿಕೇಟಿನ ಆಫೀಸಿನಲ್ಲಿದ್ದಾಳೆ. ಅವಳು ತಂದ ಸುದ್ದಿ ಈ ಕೋಚ್.

"ಅತ್ತೆ, ಕೆರಿಯರ್ ಕೋಚ್ ಅಂತ ಒಬ್ರಿದ್ದಾರೆ. ನಮ್ಮ ಆಫೀಸಿನೋರು ಹೋಗಿದ್ರು. ನಿಂಗೇನು ಬರುತ್ತೆ, ಮುಂದೇನು ಮಾಡ್ಬೋದು ಅಂತ ಜೊತೇಲಿ ಕೂತು ಯೋಚಿಸ್ತಾರೆ."

"ಕೋಚ್ ಅಂದ್ರೆ ಆಟ ಕಲಿಸೋರಲ್ವೇನೇ," ಎಂದೆ. "ಈ ವಯಸ್ಸಲ್ಲಿ ಇವಳನ್ನ ಯಾವ ಮೈದಾನಕ್ಕೆ ಇಳಿಸ್ತೀಯ?"

"ಅಮ್ಮ, ನೀನು ಸುಮ್ನಿರು."

ಪಿನ್ನತ್ತೆ ಗಂಭೀರವಾಗಿ ಕೇಳಿದಳು, "ಸೀಟಿ ಊದ್ತಾರಾ?"

"ಊದಲ್ಲ ಅತ್ತೆ. ಮಾತಾಡಿಸ್ತಾರೆ."

"ಅದಕ್ಕೆ ದುಡ್ಡಾ?"

"ಮೊದಲ ಸಲ ಬಿಟ್ಟಿ. ಹಿಡಿಸಿದ್ರೆ ಆಮೇಲೆ ಕೊಟ್ಟು ಹೋಗೋದು."

"ಮಾತಾಡಿಸೋಕೆ ನಾನಿದ್ದೀನಲ್ಲ," ಎಂದೆ. "ನಾನಂತೂ ಯಾವತ್ತೂ ಬಿಟ್ಟಿ."

ಮಾರನೆಯ ಬೆಳಗ್ಗೆ ಪಿನ್ನತ್ತೆ ಕಾಫಿ ಲೋಟ ಹಿಡಿದು ನನ್ನ ಪಕ್ಕ ಬಂದು ಕೂತಳು. ಕನಸು ಬಿದ್ದಿತ್ತಂತೆ. ಗೊಂಬೆಗಳೆಲ್ಲ ಕಿಟಕಿ ಬಿಟ್ಟು ರಸ್ತೆಗಿಳಿದು ಹೋಗಿದ್ದವಂತೆ. ಇವಳೊಬ್ಬಳೇ ಒಳಗೆ ನಿಂತಿದ್ದಳಂತೆ, ಕೈ ಹೇಗಿಟ್ಟುಕೊಳ್ಳಬೇಕೆಂದು ಗೊತ್ತಾಗದೆ. ಅವೆಲ್ಲ ಸಾಲಾಗಿ ಬಸ್ ನಿಲ್ದಾಣದಲ್ಲಿ ನಿಂತು ಇವಳನ್ನೇ ನೋಡುತ್ತಿದ್ದವಂತೆ.

"ಆಮೇಲೆ?"

"ಬಸ್ ಬಂತು. ಹತ್ತೋಕೆ ತಿರುಗಿದ್ವು. ಒಂದರ ಬೆನ್ನಲ್ಲೂ ಬಟ್ಟೆ ನೆಟ್ಟಗಿರಲಿಲ್ಲ. ನಂಗೆ ಎಷ್ಟು ನಾಚಿಕೆಯಾಯ್ತು ಅಂತೀಯ." ಉಳಿದ ಕಾಫಿ ಕುಡಿದು ಲೋಟ ಕೆಳಗಿಟ್ಟಳು. "ಬಿಟ್ಟಿ ತಾನೇ. ಒಂದ್ಸಲ ಹೋಗ್ಬರೋಣ."

ಶುಕ್ರವಾರ ಮಧ್ಯಾಹ್ನ ಹೊರಟೆವು. ಮಗಳು ತನ್ನ ಬೂದು ಕೋಟು ಕೊಟ್ಟಿದ್ದಳು. ಅದು ಪಿನ್ನತ್ತೆಯ ಮೈಯಲ್ಲಿ ಗೋಣಿಚೀಲದ ಹಾಗೆ ಜೋಲುತ್ತಿತ್ತು. ಇವಳು ಅದನ್ನು ಒಯ್ದು ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಏನೋ ಮಾಡಿದಳು. ಹೊರಗೆ ಬಂದಾಗ ನಾನು ಮೂಗಿನ ಮೇಲೆ ಬೆರಳಿಟ್ಟೆ, ಯಾವುದೋ ಬ್ಯಾಂಕಿನ ಮ್ಯಾನೇಜರ್ ಹಾಗೆ ಕಾಣುತ್ತಿದ್ದಳು. ಮೇಲೊಂದು ಶಾಲು ಹೊದ್ದಿದ್ದಳು. ಬಸ್ಸಿನಲ್ಲಿ ಸೀಟಿಗೆ ಒರಗದೆ ನೆಟ್ಟಗೆ ಕೂತಳು. ಹೆದರಿಕೆಯಿರಬೇಕು ಎಂದುಕೊಂಡೆ.

ಕೋಚ್ ಕೋಣೆ ಔಷಧಿ ಅಂಗಡಿಯ ಮಹಡಿಯಲ್ಲಿತ್ತು. ಕಿಟಕಿಯ ತೆಳು ಪರದೆಯಿಂದ ಬಿಸಿಲು ಸೋಸಿ ಬಂದು ನೆಲದ ಮೇಲೆ ಮೆಲ್ಲಗೆ ತೂಗುತ್ತಿತ್ತು. ಕೋಚಿಗೆ ನಲವತ್ತರ ಆಸುಪಾಸು. ಕನ್ನಡಕವನ್ನು ತಲೆಯ ಮೇಲೇರಿಸಿಕೊಂಡು ಮೇಜಿನ ಮೇಲೆಲ್ಲ ಹುಡುಕುತ್ತಿದ್ದಳು. ನಾನು ತೋರಿಸಿದ ಮೇಲೆ ನಕ್ಕು ಹಾಕಿಕೊಂಡಳು. ಈಕೆಗೇ ಯಾರಾದರೂ ದಾರಿ ತೋರಿಸಬೇಕು ಎಂದು ನನ್ನ ಮನಸ್ಸಿಗೆ ಬಂತು.

"ಇಷ್ಟು ವರ್ಷ ಮಾಡಿದ ಕೆಲಸ ಹೇಗನ್ನಿಸ್ತು?" ಆಕೆ ಕೇಳಿದಳು.

"ಚೆನ್ನಾಗಿತ್ತು."

"ಈಗ ಅದು ಹೋಗ್ತಿದೆಯಲ್ಲ?"

"ಪರವಾಗಿಲ್ಲ."

"ಪೊಟ್ಟಣದ ಕೆಲಸ?"

"ಆಗುತ್ತೆ."

ಉಳಿದದ್ದನ್ನೆಲ್ಲ ನಾನೇ ಹೇಳತೊಡಗಿದೆ. ಇವಳು ಎಷ್ಟು ಚೊಕ್ಕ ಕೆಲಸದವಳು, ಒಡತಿ ಎಂಥ ಕಲ್ಲೆದೆಯವಳು. ಆಕೆ ಸ್ವಲ್ಪ ಕೇಳಿ, "ಅಮ್ಮ, ಅವರೇ ಹೇಳಲಿ," ಎಂದಳು. ನಾನು ಬಾಯಿ ಮುಚ್ಚಿದೆ. ಪಿನ್ನತ್ತೆ ಶಾಲನ್ನು ಇನ್ನಷ್ಟು ಬಿಗಿಯಾಗಿ ಎಳೆದುಕೊಂಡಳು. ಬಿಸಿಲು ನೆಲ ಬಿಟ್ಟು ಗೋಡೆ ಹತ್ತಿತು. ಕೆಳಗೆ ಅಂಗಡಿಯಲ್ಲಿ ಯಾರೋ ಸೀಸೆ ಜೋಡಿಸುವ ಸದ್ದು, ಕಿಣಿ ಕಿಣಿ, ಎಲ್ಲೋ ದೂರದ ಊರಿನಿಂದ ಬಂದ ಹಾಗೆ. ನನಗೆ ಕಣ್ಣು ಎಳೆಯುತ್ತಿತ್ತು.

ಹೊರಡಲು ಎದ್ದಾಗ ಶಾಲು ಕುರ್ಚಿಗೆ ಸಿಕ್ಕಿ ಜಾರಿತು. ಪಿನ್ನತ್ತೆ ಬೆನ್ನು ತೋರಿಸದೆ ಹಿಂದಹಿಂದಕ್ಕೆ ಬಾಗಿಲ ಕಡೆ ನಡೆದು ಗೋಡೆಗೆ ಒತ್ತಿಕೊಂಡಳು. ಆಗ ಅವಳ ಬಾಯಿಂದ ಸಣ್ಣದೊಂದು "ಹಾ" ಹೊರಬಿತ್ತು. ಆಕೆ ಹೆಗಲು ಹಿಡಿದು ತಿರುಗಿಸಿ ನೋಡಿದರೆ, ಕುತ್ತಿಗೆಯಿಂದ ಸೊಂಟದವರೆಗೆ ಪಿನ್ನಿನ ಸಾಲು. ಗೊಂಬೆಗೇನು ಚುಚ್ಚುತ್ತದೆಯೇ? ಮೊನೆ ಯಾವ ಕಡೆ ಹೋಯಿತೆಂದು ನೋಡುವ ಅಭ್ಯಾಸವೇ ಇವಳಿಗೆ ಇರಲಿಲ್ಲ.

"ಚುಚ್ತಾ ಇತ್ತಾ?" ಆಕೆ ಕೇಳಿದಳು.

"ಸ್ವಲ್ಪ."

"ಯಾವಾಗಿಂದ?"

"ಬಸ್ಸಿಂದ."

ಮೊದಲು ನಕ್ಕವಳು ಪಿನ್ನತ್ತೆಯೇ. ಆಮೇಲೆ ನಮಗೆ ತಡೆಯಲಾಗಲಿಲ್ಲ, ಮೂವರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ಆಕೆ ಒಂದೊಂದೇ ಪಿನ್ನು ಬಿಡಿಸಿ ಸಾಸರಿನಲ್ಲಿ ಹಾಕುತ್ತ, ನಗು ಇಳಿದ ಮೇಲೆ ಮಾತಾಡಿದಳು.

"ನೋಡಿ, ನಾನು ಕೆಲಸ ಕೊಡಿಸೋಳಲ್ಲ. ನಿಮ್ಮ ಕಿಟಕಿ ಉಳಿಸೋಕೂ ನನ್ನ ಕೈಲಿ ಆಗಲ್ಲ. ಆದ್ರೆ ಇಷ್ಟು ಹೊತ್ತೂ ಚುಚ್ಚಿಸ್ಕೊಂಡು ಕೂತು ಎಲ್ಲಾದಕ್ಕೂ ಚೆನ್ನಾಗಿದೆ ಅಂದ್ರಿ. ಕೆಲವು ವಾರ ಕೂತು ಮಾತಾಡಿದ್ರೆ ಬೇಕಾದ್ದನ್ನ ಬೇಕು, ಬೇಡದ್ದನ್ನ ಬೇಡ ಅನ್ನೋದು ಬರಬಹುದು. ಅದು ಬಂದ ಮೇಲೆ ದಾರಿ ಹುಡುಕೋದು ಅಷ್ಟು ಕಷ್ಟ ಅಲ್ಲ. ಬರದೇನೂ ಇರಬಹುದು, ಯೋಚನೆ ಮಾಡಿ."

ಬಸ್ಸು ಬೇಡವೆಂದು ನಡೆದೇ ಬಂದೆವು. ಕೋಟು ಮತ್ತೆ ಗೋಣಿಚೀಲವಾಗಿತ್ತು.

"ಬೇಡ ಅನ್ನೋದನ್ನ ದುಡ್ಡು ಕೊಟ್ಟು ಕಲಿಬೇಕೇನೇ," ಎಂದೆ. "ನನ್ನ ಹತ್ರ ಹೇಳು, ಸಾಕು."

ಅವಳು ಒಂದು ಗೇಟಿನ ಪಕ್ಕದ ಕಟ್ಟೆಯ ಮೇಲೆ ಕೂತಳು. ನಾನೂ ಕೂತೆ. ಶಾಲೆ ಬಿಟ್ಟ ಮಕ್ಕಳು ನಮ್ಮ ಮುಂದೆ ಗುಂಪಾಗಿ ಹೋದರು, ಗದ್ದಲ ತಿರುವಿನಾಚೆ ಕರಗಿತು.

"ಬೇಜಾರು ಮಾಡ್ಕೋಬೇಡ ಅತ್ತಿಗೆ. ನಿಂಗೆ ನಾನು ಹೇಗಿದ್ರೂ ಸರಿಯಾಗೇ ಕಾಣ್ತೀನಿ. ನನ್ನ ಮೇಲೆ ಅಕ್ಕರೆ ಇಲ್ಲದೋರು ಒಬ್ರು ನೋಡ್ಲಿ ಅನ್ನಿಸ್ತು."

"ಅಂಥೋರು ಊರ ತುಂಬ ಇದ್ದಾರಲ್ಲ, ಅವರೂ ಬಿಟ್ಟಿ."

"ಅವರು ನೋಡಲ್ಲ ಅತ್ತಿಗೆ. ಹಾದು ಹೋಗ್ತಾರೆ."

ಇಷ್ಟು ವರ್ಷ ಗಾಜಿನ ಮುಂದೆ ಹಾದುಹೋದವರನ್ನು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು?

ಆದರೂ ಅವಳು ತೀರ್ಮಾನ ಮಾಡಿರಲಿಲ್ಲ. ಪೊಟ್ಟಣದ ಕೆಲಸ ಬಿಟ್ಟರೆ ಸಂಬಳವಿಲ್ಲ, ಮೇಲೆ ಕೋಚಿಗೆ ಕೊಡುವುದು ಬೇರೆ. ಹಿಡಿದರೆ ಮುದುಕಿಯಾಗುವವರೆಗೂ ನೆಲಮಾಳಿಗೆಯ ಟ್ಯೂಬ್‌ಲೈಟು. ಶನಿವಾರ, ಭಾನುವಾರ ಎರಡು ದಿನವೂ ಅವಳು ಮನೆಯಲ್ಲಿದ್ದೂ ಇಲ್ಲದ ಹಾಗೆ ಓಡಾಡಿದಳು. ಒಗೆದ ಬಟ್ಟೆಯನ್ನೇ ಮತ್ತೆ ಒಗೆದಳು. ಕಿಟಕಿಯ ಹತ್ತಿರ ನಿಂತರೆ ನಿಂತೇ ಇರುತ್ತಿದ್ದಳು, ಕೂದಲ ಮೇಲೆ ಬೆಳಕು ಬದಲಾಗುತ್ತಿತ್ತು. "ಏನೇ ಯೋಚನೆ?" ಎಂದರೆ, "ಯೋಚನೆ ಅಲ್ಲ, ಸುಮ್ನೆ ಒಂದೊಂದನ್ನೇ ಮೈಗೆ ಹಿಡಿದು ನೋಡ್ತಿದ್ದೀನಿ," ಎನ್ನುತ್ತಿದ್ದಳು, ಬಟ್ಟೆಯ ವಿಷಯ ಹೇಳಿದ ಹಾಗೆ.

ಸೋಮವಾರ ನಾನು ಕೇಳದೆಯೇ ನನ್ನನ್ನು ಜೊತೆಗೆ ಕರೆದಳು. ಒಡತಿ ಲೆಕ್ಕದ ಮೇಜಿನ ಹಿಂದೆ ಫೋನಿನಲ್ಲಿದ್ದಳು. ಮುಗಿಸಿ ತಲೆಯೆತ್ತಿದಳು.

"ಹೂಂ ಅಂತ ತಾನೇ?"

"ಬೇಡ," ಎಂದಳು ಪಿನ್ನತ್ತೆ.

"ಯಾಕೆ, ಏನು ಕಡಿಮೆಯಾಯ್ತು?"

"ನಂಗೆ ಇಷ್ಟ ಇಲ್ಲ."

ಒಡತಿ ನನ್ನ ಕಡೆ ನೋಡಿದಳು. ನಾನು ಅಲ್ಲಿದ್ದ ಗುಂಡಿಗಳ ಡಬ್ಬಿಯನ್ನೇ ನೋಡುತ್ತ ನಿಂತೆ, ಬಾಯಿಗೆ ಬಂದದ್ದನ್ನೆಲ್ಲ ನುಂಗಿಕೊಂಡೆ.

"ಆಮೇಲೆ ಬಂದು ಕೇಳಿದ್ರೆ ಇರಲ್ಲಮ್ಮ."

"ಗೊತ್ತು," ಎಂದಳು. ಹೊರಗೆ ಬಂದ ಮೇಲೆ ಮೆಟ್ಟಿಲ ಮೇಲೆ ನಿಂತು ಕೋಚಿಗೆ ಫೋನು ಮಾಡಿ, ನಾನು ಬರ್ತೀನಿ, ಯಾವತ್ತು ಬರ್ಲಿ ಅಂತ ಕೇಳಿದಳು. ಆಮೇಲೆ ನನ್ನ ಕೈ ಹಿಡಿದುಕೊಂಡಳು.

ಗುರುವಾರ ಕೋಚ್ ನನ್ನನ್ನು ಒಳಗೆ ಬಿಡಲಿಲ್ಲ. ಬಾಗಿಲಾಚೆಯ ಬೆಂಚಿನ ಮೇಲೆ ಕೂತೆ. ಔಷಧಿಯ ವಾಸನೆ ಮೆಟ್ಟಿಲು ಹತ್ತಿ ಬರುತ್ತಿತ್ತು, ಮಧ್ಯಾಹ್ನದ ಗಾಳಿ ಬೆಚ್ಚಗಿತ್ತು. ಮೊದಲು ಬಹಳ ಹೊತ್ತು ಏನೂ ಕೇಳಲಿಲ್ಲ. ಆಮೇಲೆ ಪಿನ್ನತ್ತೆಯ ದನಿ ಶುರುವಾಯಿತು. ಮಾತು ತಿಳಿಯುತ್ತಿರಲಿಲ್ಲ, ಪಕ್ಕದ ಮನೆಯಲ್ಲಿ ನಲ್ಲಿ ಬಿಟ್ಟ ಹಾಗೆ ದನಿ ಮಾತ್ರ. ನಿಂತಿತು ಅನ್ನುವಷ್ಟರಲ್ಲಿ ಮತ್ತೆ ಬರುತ್ತಿತ್ತು. ನಡುವೆ ಒಮ್ಮೆ ಅತ್ತ ಹಾಗೂ ಇತ್ತು, ಒಮ್ಮೆ ನಕ್ಕ ಹಾಗೂ ಇತ್ತು. ನನ್ನ ಮನೆಯಲ್ಲಿ ಇಷ್ಟು ವರ್ಷ ಇದ್ದವಳ ಒಳಗೆ ಇಷ್ಟು ಮಾತು ಎಲ್ಲಿತ್ತೋ. ಗೋಡೆಗೆ ತಲೆ ಒರಗಿಸಿ ಕೇಳುತ್ತ ಕೇಳುತ್ತ ನನಗೆ ಜೋಂಪು ಹತ್ತಿತು.

ಎಚ್ಚರವಾದಾಗ ಬಾಗಿಲು ಅರ್ಧ ತೆರೆದಿತ್ತು. ಹಿಡಿಕೆಯ ಮೇಲೆ ಆಕೆಯ ಕೈ ಕಾಣುತ್ತಿತ್ತು.

"ಇವತ್ತಿಗೆ ಸಮಯ ಆಯ್ತು," ಆಕೆ ಹೇಳುತ್ತಿದ್ದಳು.

"ಇರಿ," ಎಂದಳು ಪಿನ್ನತ್ತೆ ಒಳಗಿನಿಂದ. "ಇನ್ನೂ ಇದೆ."