ಅವ್ವ ಗಂಗೆಗೆ ಬಿಟ್ಟ ಕಾದಂಬರಿ

ಕಾಶಿಗೆ ಬಂದವರು ತಮಗೆ ಇಷ್ಟವಾದ ಒಂದನ್ನು ಇಲ್ಲಿ ಬಿಟ್ಟು ಹೋಗಬೇಕು. ಬಿಟ್ಟದ್ದನ್ನು ಮತ್ತೆ ಮುಟ್ಟಬಾರದು. ಕರ್ನಾಟಕದ ಯಾತ್ರಿಕರಿಗೆ ಪೌರೋಹಿತ್ಯ ಮಾಡುವ ಮನೆಗೆ ಸೊಸೆಯಾಗಿ ಬಂದ ನಾನು ಈ ಬಿಡುವ ಶಾಸ್ತ್ರವನ್ನು ಬೇಕಾದಷ್ಟು ನೋಡಿದ್ದೇನೆ. ಹುಟ್ಟಿದಾಗಿನಿಂದ ಬಾಯಿಗಿಡದ ಹಾಗಲಕಾಯಿಯನ್ನು ಬಿಟ್ಟು ಪುಣ್ಯ ಕಟ್ಟಿಕೊಳ್ಳುವ ಜಾಣರೇ ಹೆಚ್ಚು.

ತೊಂಬತ್ತೊಂದರ ಚಳಿಗಾಲದಲ್ಲಿ ಧಾರವಾಡದಿಂದ ಅಣ್ಣನ ಜೊತೆ ಅವ್ವ ಬಂದಳು. ದಶಾಶ್ವಮೇಧ ಘಾಟಿನಲ್ಲಿ ನನ್ನ ಗಂಡನೇ ಅವಳ ಅಂಗೈಗೆ ನೀರು ಹಾಕಿ, "ಏನು ಬಿಡ್ತೀರಿ ಅತ್ತೆ?" ಎಂದು ಕೇಳಿದರು.

"ಕಾದಂಬರಿ ಓದೂದು ಬಿಟ್ಟೆ."

"ಅದನ್ನ ಯಾರು ಬಿಡ್ತಾರೆ? ಫಲ, ಸಬ್ಜಿ ಏನಾದ್ರೂ ಹೇಳಿ."

"ಇಷ್ಟ ಇದ್ದದ್ದನ್ನ ಬಿಡಬೇಕಲ್ಲಪಾ," ಎಂದು ಅವ್ವ ನೀರನ್ನು ಹೊಳೆಗೆ ಬಿಟ್ಟಳು.

ನನಗೆ ಸಿಟ್ಟು ನೆತ್ತಿಗೇರಿತು. ನನಗೆ ಓದುವ ಹುಚ್ಚು ಹಿಡಿಸಿದವಳೇ ಅವಳು. ಈ ಊರಲ್ಲಿ ನನ್ನ ಕನ್ನಡ ಮನೆಯ ಹೊಸ್ತಿಲು ದಾಟುವುದಿಲ್ಲ. ಮಕ್ಕಳು ಹಿಂದಿಯಲ್ಲೇ ಉತ್ತರ ಕೊಡುತ್ತವೆ. ಇಲ್ಲಿಯ ಲಂಕಾ ಬಡಾವಣೆಯ ಪುಸ್ತಕದಂಗಡಿಗಳಲ್ಲಿ ಹುಡುಕಿದರೂ ಒಂದು ಕನ್ನಡ ಪುಸ್ತಕ ಸಿಗದು. ಅವ್ವ ತಾನು ಓದಿ ಮುಗಿಸಿದ್ದನ್ನು ಯಾತ್ರಿಕರ ಕೈಯಲ್ಲಿ ಕಳಿಸುತ್ತಿದ್ದಳು. ನಾನು ಓದಿ, ಪತ್ರದಲ್ಲಿ ಅವಳೊಂದಿಗೆ ಜಗಳ ತೆಗೆಯುತ್ತಿದ್ದೆ. ಆ ಜಗಳವೇ ನನ್ನ ತವರುಮನೆ. ಈಚೆಗೆ ಅವಳು ಪತ್ರಗಳನ್ನು ಅಣ್ಣನ ಕೈಯಲ್ಲಿ ಬರೆಸುತ್ತಿದ್ದಳು. ಸೋಮಾರಿತನವೆಂದುಕೊಂಡಿದ್ದೆ.

ಹೋಗುವಾಗ ಅವ್ವ ಎರಡು ಕಾದಂಬರಿಗಳನ್ನು ನನ್ನ ಬಳಿ ಬಿಟ್ಟಳು. ಒಂದು ಐತಿಹಾಸಿಕ. ಶತ್ರುಗಳು ಕೋಟೆಗೆ ಮುತ್ತಿಗೆ ಹಾಕಿದ್ದಾರೆ. ಕುದುರೆ, ಫಿರಂಗಿ, ರಾಜನ ಮೀಸೆ, ಎಲ್ಲವನ್ನೂ ಲೇಖಕ ಚಪ್ಪರಿಸಿ ಬರೆದಿದ್ದಾನೆ. ಓದಲು ಸೊಗಸಾಗಿಯೇ ಇದೆ. ಆದರೆ ಕಣಜದ ಕೀಲಿ ಹಿಡಿದು, ಇದ್ದ ಜೋಳವನ್ನೇ ಅಳೆದು ಹಂಚಿ ಇಡೀ ಕೋಟೆಯನ್ನು ಬದುಕಿಸಿದವಳು ರಾಣಿ. ಅವಳನ್ನು ಕೊನೆಯ ಅಧ್ಯಾಯದಲ್ಲಿ ಒಂದೇ ಸಾಲಿನಲ್ಲಿ ಸಾಯಿಸಿ ಕೈ ತೊಳೆದುಕೊಂಡಿದ್ದಾನೆ. ಪುಸ್ತಕದ ಅರ್ಧದವರೆಗೆ ಹಾಳೆಗಳ ಅಂಚಿನಲ್ಲಿ ಅವ್ವನ ಬೆರಳಿನ ಅರಿಶಿನವಿತ್ತು. ರಾಣಿ ಕಣಜದ ಬಾಗಿಲು ಹಾಕುವಲ್ಲಿಂದಾಚೆ ಹಾಳೆಗಳು ಸ್ವಚ್ಛವಾಗಿದ್ದವು.

ಇನ್ನೊಂದು ಕಾದಂಬರಿಯಲ್ಲಿ ಶಾಲಾ ಶಿಕ್ಷಕಿಯೊಬ್ಬಳು ತನ್ನ ಕಾಯಿಲೆಯನ್ನು ಕೊನೆಯವರೆಗೂ ಮನೆಯವರಿಂದ ಮುಚ್ಚಿಡುತ್ತಾಳೆ. ಅಡುಗೆಮನೆಯ ಸಣ್ಣಪುಟ್ಟ ಮಾತುಗಳೆಲ್ಲ ಚೆನ್ನಾಗಿವೆ. ಕಥೆಯನ್ನು ಮಾತ್ರ ನಾನು ನಂಬಲಿಲ್ಲ. ಒಂದೇ ಸೂರಿನಡಿ ಉಂಡು ಮಲಗುವವರಿಗೆ ಇಷ್ಟೂ ತಿಳಿಯುವುದಿಲ್ಲವೇ? ಲೇಖಕನ ಅನುಕೂಲಕ್ಕೆ ಹೆಣೆದ ಸುಳ್ಳು ಎಂದು ಪುಸ್ತಕ ಮುಚ್ಚಿಟ್ಟೆ.

ಇದನ್ನೆಲ್ಲ ಅವ್ವನಿಗೆ ಬರೆದೆ. ಅಣ್ಣನ ಅಕ್ಷರದಲ್ಲಿ ಉತ್ತರ ಬಂತು: ಉಪ್ಪಿನಕಾಯಿ ಹಾಕಿದ್ದು, ನೆಂಟರ ಮದುವೆ. ಪುಸ್ತಕದ ಸುದ್ದಿಯೇ ಇಲ್ಲ. ತವರಿನ ಬಾಗಿಲು ಮುಖಕ್ಕೆ ಹಾಕಿದಂತಾಗಿ ಬಹಳ ಅತ್ತೆ.

ಎರಡು ವರ್ಷಗಳ ಮೇಲೆ ಅಣ್ಣ ಅವ್ವನ ಅಸ್ಥಿ ತಂದ. ಗಂಗೆಯಲ್ಲಿ ಬಿಟ್ಟು ಮನೆಗೆ ಬಂದ ಮೇಲೆ, ಗೂಡಿನಲ್ಲಿದ್ದ ಆ ಐತಿಹಾಸಿಕ ಕಾದಂಬರಿಯನ್ನು ಕೈಗೆತ್ತಿಕೊಂಡು, "ಇದರಾಗ ರಾಣಿ ಏನಾದ್ಲು?" ಎಂದ.

"ನೀ ಯಾವಾಗಿಂದ ಕಾದಂಬರಿ ಓದಲಿಕ್ಕೆ ಹತ್ತಿದಿ?"

"ನಾ ಎಲ್ಲಿ ಓದಲಿ. ಅವ್ವ ಆಗಾಗ ಅಂತಿದ್ಲು, ಆಕಿ ಏನಾದ್ಲೋ ಏನೋ ಅಂತ. ನಿನ್ನ ಕಾಗದದಾಗ ಪುಸ್ತಕದ ಮಾತು ಬಂದ್ರ, ಅದನ್ನ ಓದಬ್ಯಾಡ, ಗಂಗಿಗೆ ಬಿಟ್ಟದ್ದು ಅಂತಿದ್ಲು."

"ಅಷ್ಟು ಆಸೆ ಇದ್ರ ಯಾಕ ಬಿಟ್ಲು?"

"ಕಣ್ಣು ಹೋಗಿದ್ವಲ್ಲ ತಂಗಿ. ಕಾಶಿಗೆ ಬರೂಕಿಂತ ಮೊದಲ ಅಕ್ಷರ ಕಾಣ್ತಿರಲಿಲ್ಲ. ಡಾಕ್ಟರೂ ಕೈ ಚೆಲ್ಲಿದ್ರು. ನಿನಗ ಹೇಳಬಾರದಂತ ಆಣಿ ಹಾಕಿಸಿದ್ಲು. ದೂರ ಇರೋಳು ಅಳ್ತಾಳ ಅಂತ."

ಘಾಟಿನ ಮೆಟ್ಟಿಲನ್ನು ಅವ್ವ ಕಾಲಿನಿಂದ ತಡವಿ ಇಳಿದಿದ್ದಳು. ಅಕ್ಕಿಯನ್ನು ಬೆರಳಿನಲ್ಲೇ ಆರಿಸಿದ್ದಳು. ಔಷಧದ ಶೀಶೆ ಕೊಟ್ಟು, "ಇದರ ಮ್ಯಾಲೆ ಏನದ ಓದು," ಎಂದಿದ್ದಳು. ಎಲ್ಲವನ್ನೂ ನೋಡಿ ನಾನು ಮುಪ್ಪು ಎಂದುಕೊಂಡಿದ್ದೆ. ಆ ಶಿಕ್ಷಕಿಯ ಕಥೆಯಲ್ಲಿ ಈಗ ನನಗೆ ನಂಬಲಾಗದ ಒಂದು ಮಾತೂ ಇಲ್ಲ.

ಅಣ್ಣ ಇನ್ನೂ ಪುಸ್ತಕ ಹಿಡಿದೇ ಇದ್ದ. ರಾಣಿ ಒಂದೇ ಸಾಲಿನಲ್ಲಿ ಸತ್ತಳೆಂದು ಅವನಿಗೆ ಹೇಳಿದೆ. ಅವನು ಹೌದೇನು ಎಂದು ಪುಸ್ತಕವನ್ನು ಮತ್ತೆ ಗೂಡಿನಲ್ಲಿಟ್ಟ. ಜಗಳ ತೆಗೆಯಲು ಅವ್ವ ಇರಲಿಲ್ಲ.